ಪಾರ್ಕಿನ ಬೆಂಚು ಎಷ್ಟು ಭಾರ ತಡೆಯುತ್ತದೆ? ಕೂರುವ ಮೊದಲು ನೋಡುವುದರಿಂದ ಹೊಸದು ಹಾಕಿಸುವವರೆಗೆ

ನನ್ನ ತೂಕ 118 ಕೆ.ಜಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದ್ರೆ ಈ ಬರಹ ಹುಟ್ಟಿದ್ದೇ ಅದರಿಂದ.

ಡಾಕ್ಟರು ದಿನಾ ನಲವತ್ತು ನಿಮಿಷ ನಡೆಯಿರಿ ಅಂದರು. ಬಾಗಲಕೋಟೆ ನವನಗರದಲ್ಲಿ ನಡೆಯೋಕೆ ಜಾಗಕ್ಕೇನೂ ಬರವಿಲ್ಲ. ಆಲಮಟ್ಟಿ ಹಿನ್ನೀರಿಗೆ ಹಳೇ ಊರಿನ ಎಷ್ಟೋ ಓಣಿಗಳು ಮುಳುಗಿದಾಗ ಅಳತೆ ಹಾಕಿ ಕಟ್ಟಿದ ಊರು ಇದು. ಅಗಲ ರಸ್ತೆ, ಸೆಕ್ಟರುಗಳು, ನಡುನಡುವೆ ಪಾರ್ಕು. ಒಂದು ದಿನ ಬೆಳಿಗ್ಗೆ ಮೂರು ಸುತ್ತು ಮುಗಿಸಿ ಒಂದು ಪಾರ್ಕಿನ ಕಬ್ಬಿಣದ ಬೆಂಚಿನ ಮೇಲೆ ಕೂತೆ. ಎಡಗಡೆಯ ಕಾಲು ಬುಡದಲ್ಲಿ ಲಟಕ್ಕನೆ ಮುರಿಯಿತು. ನಾನು ಹುಲ್ಲಿನ ಮೇಲೆ.

"ಅಣ್ಣಾವ್ರ, ಇನ್ನಾ ನಾಕು ಸುತ್ತು ಜಾಸ್ತಿ ಹೊಡೀರಿ" ಅಂತ ಒಬ್ಬರು ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ನಕ್ಕಿದ್ದಾದ ಮೇಲೆ ಮುರಿದ ಕಾಲನ್ನು ತಿರುಗಿಸಿ ನೋಡಿದೆ. ಮೇಲೆ ಹಸಿರು ಬಣ್ಣ ಫಳಫಳ. ಒಳಗೆ ಕಬ್ಬಿಣ ಹಪ್ಪಳದಂತೆ ತೆಳ್ಳಗಾಗಿ, ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತಿತ್ತು. ಹಿಂದಿನ ದಿನ ಸಂಜೆ ಅದೇ ಬೆಂಚಿನ ಮೇಲೆ ನಾಲ್ಕು ಹುಡುಗರು ಕೂತಿದ್ದನ್ನು ನಾನೇ ನೋಡಿದ್ದೆ. ಅವರೆಲ್ಲರ ತೂಕ ಕೂಡಿದರೆ ನನ್ನ ಎರಡರಷ್ಟಾದರೂ ಆಗುತ್ತದೆ. ಅಂದರೆ ಮುರಿದಿದ್ದು ನನ್ನ ತೂಕದಿಂದಲ್ಲ. ಸರದಿ ನನ್ನದಾಗಿತ್ತು, ಅಷ್ಟೇ.

ಆಮೇಲೆ ಒಬ್ಬ ವೆಲ್ಡಿಂಗಿನವರ ಹತ್ತಿರ, ಇಬ್ಬರು ಕಲ್ಲಿನ ಕೆಲಸದವರ ಹತ್ತಿರ, ಸಿವಿಲ್ ಎಂಜಿನಿಯರ್ ಆಗಿರುವ ಗೆಳೆಯನ ಹತ್ತಿರ ಕೂತು ಕೇಳಿದೆ, ಕಲಿತೆ. ತಂದೆಯ ನೆನಪಿಗೆ ಒಂದು ಕಲ್ಲಿನ ಬೆಂಚನ್ನೂ ಹಾಕಿಸಿದೆ. ತಿಳಿದಿದ್ದನ್ನು ಮಾಡುವ ಕ್ರಮದಲ್ಲೇ ಬರೆಯುತ್ತೇನೆ.

ಹಂತ 1: ಕೂರುವ ಮೊದಲು ಅರ್ಧ ನಿಮಿಷ

ಮೊದಲು ಕಾಲಿನ ಬುಡ ನೋಡಿ. ಆಸನವನ್ನಲ್ಲ, ಬುಡವನ್ನು. ಕಬ್ಬಿಣದ ಬೆಂಚು ಸಾಯುವುದು ನೆಲ ಮುಟ್ಟುವ ಜಾಗದಲ್ಲಿ. ಮಳೆ ನೀರು ಅಲ್ಲೇ ನಿಲ್ಲುತ್ತದೆ, ಹುಲ್ಲಿಗೆ ಬಿಟ್ಟ ನೀರು ಅಲ್ಲೇ ನಿಲ್ಲುತ್ತದೆ, ನಾಯಿ ಕಾಲೆತ್ತುವುದೂ ಅಲ್ಲೇ. ತುಕ್ಕು ಹಿಡಿದ ಕಬ್ಬಿಣ ಮೊದಲಿನ ಗಾತ್ರಕ್ಕಿಂತ ಹಲವು ಪಟ್ಟು ಉಬ್ಬುತ್ತದೆ. ಹಾಗಾಗಿ ಬಣ್ಣದ ಕೆಳಗೆ ಗುಳ್ಳೆ ಎದ್ದಿದ್ದರೆ ಒಳಗೆ ತುಕ್ಕಿದೆ ಅಂತಲೇ ಲೆಕ್ಕ. ಬೈಕಿನ ಕೀಲಿಯಿಂದ ಗುಳ್ಳೆಯನ್ನು ಒತ್ತಿ ನೋಡಿ. ಕೀಲಿ ಒಳಗೆ ಇಳಿದರೆ ಬೇರೆ ಬೆಂಚು ಹುಡುಕಿಕೊಳ್ಳಿ.

ಎರಡನೆಯದು, ಅಲುಗಾಡಿಸಿ. ಬೆನ್ನೊರಗುವ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಹಿಂದೆ ಮುಂದೆ ನೂಕಿ. ಇಡೀ ಬೆಂಚು ಒಟ್ಟಿಗೆ ಅಲುಗಿದರೆ ಬೋಲ್ಟು ಸಡಿಲ. ಬೆನ್ನಿನ ಭಾಗ ಮಾತ್ರ ಅಲುಗಿದರೆ ವೆಲ್ಡಿಂಗು ಬಿಟ್ಟಿದೆ. ಎರಡನೆಯದೇ ಜಾಸ್ತಿ ಅಪಾಯ, ಯಾಕಂದ್ರೆ ಅದು ಬಿಟ್ಟರೆ ತಲೆ ಹಿಂದಕ್ಕೆ ಹೋಗಿ ಬಡಿಯುತ್ತದೆ.

ಮೂರನೆಯದು, ಬಗ್ಗಿ ಕೆಳಗೆ ನೋಡಿ. ಕಲ್ಲಿನ ಅಥವಾ ಸಿಮೆಂಟಿನ ಬೆಂಚಾದರೆ ಇದನ್ನು ಬಿಡಲೇಬಾರದು. ಭಾರ ಬಿದ್ದಾಗ ಹಲಗೆಯ ಮೇಲ್ಮೈ ಒತ್ತಿಕೊಳ್ಳುತ್ತದೆ, ಕೆಳಮೈ ಎಳೆದುಕೊಳ್ಳುತ್ತದೆ. ಕಲ್ಲು, ಸಿಮೆಂಟು ಎರಡೂ ಒತ್ತಿದರೆ ಗಟ್ಟಿ, ಎಳೆದರೆ ಬಡವ. ಆದ್ದರಿಂದ ಬಿರುಕು ಹುಟ್ಟುವುದು ಕೆಳಗೆ, ನಡುಮಧ್ಯದಲ್ಲಿ. ಮೇಲೆ ಕೂತವರಿಗೆ ಅದು ಕಾಣುವುದೇ ಇಲ್ಲ.

ಬಗ್ಗಿದಾಗ ಇನ್ನೊಂದನ್ನೂ ನೋಡಿ. ನಮ್ಮ ಕಡೆ ಕಲ್ಲಿನ ಸಂದಿನಲ್ಲಿ ಚೇಳು ಇರುತ್ತವೆ. ಮುಚ್ಚಳವಿಲ್ಲದ ಪೈಪಿನ ಬಾಯಲ್ಲಿ ಕಡಜ ಗೂಡು ಕಟ್ಟುತ್ತದೆ. ಕೈ ಹಾಕುವ ಮೊದಲು ಕಣ್ಣು ಹಾಕಿ.

ಹಂತ 2: ಯಾವ ಬೆಂಚು ಹೇಗೆ ಕೆಡುತ್ತದೆ

ಕಬ್ಬಿಣದ್ದು ಹೇಳಿಯಾಯಿತು. ಒಂದೇ ಮಾತು ಸೇರಿಸಬೇಕು. ಎರಕದ ಕಬ್ಬಿಣದ ಕಾಲು, ಅದೇ ಬಳ್ಳಿ ಹೂವಿನ ಚಿತ್ತಾರದ್ದು, ನೋಡೋಕೆ ಬಲು ಗಟ್ಟಿ. ಆದರೆ ಅದು ಬಗ್ಗುವುದಿಲ್ಲ, ಸೀದಾ ಮುರಿಯುತ್ತದೆ. ಅದರಲ್ಲಿ ಕೂದಲೆಳೆ ಬಿರುಕು ಕಂಡರೂ ನಂಬಬೇಡಿ. ಅದಕ್ಕೆ ಮಾಮೂಲಿ ವೆಲ್ಡಿಂಗೂ ಸರಿಯಾಗಿ ಹಿಡಿಯುವುದಿಲ್ಲ.

ಸಿಮೆಂಟ್ ಬೆಂಚಿನ ಜೀವ ಇರುವುದು ಒಳಗಿನ ಸರಳಿನಲ್ಲಿ. ಸರಳು ಹಲಗೆಯ ಕೆಳಭಾಗದಲ್ಲಿ ಇರಬೇಕು, ಅದರ ಸುತ್ತ ಸುಮಾರು 25 ಮಿ.ಮೀ. ಕಾಂಕ್ರೀಟ್ ಹೊದಿಕೆ ಇರಬೇಕು. ಅವಸರದಲ್ಲಿ ಅಚ್ಚು ಹಾಕುವವರು ಸರಳಿನ ಜಾಳಿಗೆಯನ್ನು ತಳಕ್ಕೇ ಮಲಗಿಸಿಬಿಡುತ್ತಾರೆ. ಒಂದೆರಡು ಮಳೆಗಾಲದಲ್ಲಿ ತಳದಲ್ಲಿ ಕಂದು ಗೆರೆ ಮೂಡುತ್ತದೆ, ಆಮೇಲೆ ಚೂರು ಚೂರಾಗಿ ಉದುರುತ್ತದೆ. ಒಂದು ಸಣ್ಣ ಕಲ್ಲಿನಿಂದ ತಟ್ಟಿ ಕೇಳಿ. ಠಣ್ ಅಂದರೆ ಸರಿ. ಪೊಳ್ಳು ಮಡಕೆ ತಟ್ಟಿದ ಸದ್ದು ಬಂದರೆ ಒಳಗೆ ಪದರ ಬಿಟ್ಟಿದೆ. ಕಲಂಗಡಿ ಆರಿಸುವ ಕಿವಿ ಇದ್ದವರಿಗೆ ಇದು ಕಷ್ಟವಲ್ಲ.

ಮರದ ಪಟ್ಟಿಯ ಬೆಂಚು ನಮ್ಮ ಬಿಸಿಲಿಗೆ ಹೇಳಿ ಮಾಡಿಸಿದ್ದಲ್ಲ. ಪಟ್ಟಿ ಸೀಳುವುದು ಬೋಲ್ಟಿನ ತೂತಿನ ಹತ್ತಿರ. ಬೆಂಚು ನಾಲ್ಕು ಅಡಿಗಿಂತ ಉದ್ದವಿದ್ದು ಪಟ್ಟಿ ಒಂದೇ ಇಂಚು ದಪ್ಪವಿದ್ದರೆ ನಡುವೆ ಇನ್ನೊಂದು ಕಾಲು ಬೇಕು. ಪ್ಲಾಸ್ಟಿಕ್ ಪಟ್ಟಿಗೂ ಇದೇ ಮಾತು, ಇನ್ನೂ ಬಿಗಿಯಾಗಿ. ಅದು ಬಿಸಿಗೆ ಮೆತ್ತಗಾಗಿ ದಿನದಿಂದ ದಿನಕ್ಕೆ ಜೋತು ಬೀಳುತ್ತದೆ.

ಹಂತ 3: ಕಲ್ಲಿನ ಲೆಕ್ಕ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ, ಯಾಕಂದ್ರೆ ನಮ್ಮ ಜಿಲ್ಲೆ ಕಲ್ಲಿನ ಜಿಲ್ಲೆ. ಇಳಕಲ್ ಅಂದರೆ ಸೀರೆ ಎಷ್ಟು ಹೆಸರುವಾಸಿಯೋ ಅಲ್ಲಿನ ಕೆಂಪು ಗ್ರಾನೈಟೂ ಅಷ್ಟೇ. ಬಾದಾಮಿಯಲ್ಲಿ ಮರಳುಗಲ್ಲು. ಇತ್ತ ಹಾಸುಗಲ್ಲು. "ಕಲ್ಲು ಅಂದ್ಮ್ಯಾಲ ಏನಾಕ್ಕೈತ್ರಿ, ಆನಿ ಕುಂತ್ರೂ ತಡೀತೈತಿ" ಅಂತ ಮೊದಲು ಮಾತಾಡಿಸಿದ ಕಲ್ಲಿನವರು ಹೇಳಿದರು. ಆನೆ ಬೇಡ, ನಾನು ಕೂತರೆ ಏನಾಗುತ್ತದೆ ಅಂತ ಗೆಳೆಯನ ಹತ್ತಿರ ಲೆಕ್ಕ ಹಾಕಿಸಿದೆ.

ಎರಡು ಸೂತ್ರ ನೆನಪಿದ್ದರೆ ಸಾಕು. ಹಲಗೆಯ ದಪ್ಪ ಎರಡರಷ್ಟಾದರೆ ಬಲ ನಾಲ್ಕರಷ್ಟಾಗುತ್ತದೆ. ಕಾಲುಗಳ ನಡುವಿನ ಅಂತರ ಎರಡರಷ್ಟಾದರೆ ನಡುವೆ ಕೂತ ಒಬ್ಬರ ಭಾರ ಎರಡರಷ್ಟು ಪೀಡಿಸುತ್ತದೆ, ಕಲ್ಲಿನ ಸ್ವಂತ ಭಾರವಂತೂ ನಾಲ್ಕರಷ್ಟು.

ಒಳ್ಳೆಯ ಗ್ರಾನೈಟು ಬಾಗಿ ಮುರಿಯುವ ಬಲ ಪ್ರತಿ ಚದರ ಮಿ.ಮೀ.ಗೆ ಸುಮಾರು 10 ನ್ಯೂಟನ್, ಅಂದರೆ ಹೆಚ್ಚುಕಡಿಮೆ ಒಂದು ಕೆ.ಜಿ. ಭಾರ. ಆದರೆ ಕಲ್ಲಿನ ಒಳಗಿನ ನರ, ಗೆರೆ ಹೊರಗೆ ಕಾಣುವುದಿಲ್ಲ. ಅದಕ್ಕೇ ಅಷ್ಟನ್ನೂ ನಂಬದೆ ಆರರಲ್ಲಿ ಒಂದು ಪಾಲು, ಹತ್ತಿರ ಹತ್ತಿರ ಒಂದೂವರೆ ನ್ಯೂಟನ್ ಮಾತ್ರ ಹಿಡಿದೆವು. ಹಲಗೆ ಒಂದೂವರೆ ಅಡಿ ಅಗಲ, ಅಂದರೆ 45 ಸೆಂ.ಮೀ. ಬಂದ ಉತ್ತರ ಹೀಗಿದೆ.

ಮೂರು ಇಂಚು ದಪ್ಪ, ಕಾಲುಗಳ ನಡುವೆ ಒಂದು ಮೀಟರ್: ನಡುಮಧ್ಯ ಕೂತ ಒಬ್ಬರಿಗೆ ಸುಮಾರು 210 ಕೆ.ಜಿ. ಉದ್ದಕ್ಕೂ ಹರಡಿ ಕೂತರೆ ಸುಮಾರು 425 ಕೆ.ಜಿ.

ಎರಡು ಇಂಚು ದಪ್ಪ, ಅದೇ ಒಂದು ಮೀಟರ್: ನಡುಮಧ್ಯ ಸುಮಾರು 84 ಕೆ.ಜಿ.

ಎರಡು ಇಂಚು ದಪ್ಪ, ಕಾಲುಗಳನ್ನು ತುದಿಗೆ ತಳ್ಳಿ ನಡುವೆ ಒಂದೂವರೆ ಮೀಟರ್ ಬಿಟ್ಟರೆ: ಸುಮಾರು 31 ಕೆ.ಜಿ. ಆರನೇ ಕ್ಲಾಸಿನ ಹುಡುಗ.

ಕೊನೆಯ ಸಂಖ್ಯೆ ನೋಡಿ ನಾನು ಎರಡು ಸಲ ಕೇಳಿದೆ. ಅಷ್ಟು ಭಾರಕ್ಕೆ ಮುರಿದೇ ಬಿಡುತ್ತದೆ ಅಂತಲ್ಲ ಇದರ ಅರ್ಥ. ಕಾಣದ ನರಕ್ಕೆ, ಧೊಪ್ಪನೆ ಕೂರುವವರಿಗೆ ಅಂತ ಇಟ್ಟುಕೊಂಡ ಆರು ಪಟ್ಟಿನ ರಕ್ಷಣೆ ಅಲ್ಲಿಗೆ ಖಾಲಿ ಅಂತ ಅರ್ಥ. ಆಮೇಲೆ ನಡೆಯುವುದು ಕಲ್ಲಿನ ದಯೆಯಿಂದ. ಅಂಥ ಕಲ್ಲಿನ ಮೇಲೆ ಮೂವರು ದಿನವೂ ಕೂತು ಪೇಪರ್ ಓದುತ್ತಿರುತ್ತಾರೆ, ವರ್ಷಗಟ್ಟಲೆ ಏನೂ ಆಗುವುದಿಲ್ಲ. ಒಂದು ದಿನ ಆಗುತ್ತದೆ.

ಧೊಪ್ಪನೆ ಕೂರುವುದು ಅಂದೆನಲ್ಲ, ಅದಕ್ಕೂ ಲೆಕ್ಕವಿದೆ. ಮೆಲ್ಲಗೆ ಕೂತಾಗ ನನ್ನ ಭಾರ 118. ಆಸನ ಮುಟ್ಟಿದ ಕೂಡಲೇ ಪೂರ್ತಿ ಮೈ ಬಿಟ್ಟುಬಿಟ್ಟರೆ ಆ ಕ್ಷಣಕ್ಕೆ ಬೆಂಚಿಗೆ ಅದು ಎರಡರಷ್ಟು. ಮೇಲಿನಿಂದ ಬಿದ್ದರೆ, ಮಕ್ಕಳು ಜಿಗಿದರೆ ಇನ್ನೂ ಜಾಸ್ತಿ. ಹಾಗಾಗಿ 25 ಕೆ.ಜಿ.ಯ ಹುಡುಗ ಕುಣಿಯುವುದು, ದೊಡ್ಡವರೊಬ್ಬರು ಮೆಲ್ಲಗೆ ಕೂರುವುದು ಎರಡೂ ಬೆಂಚಿಗೆ ಒಂದೇ ತೂಕವಾಗಬಹುದು.

ಹಾಸುಗಲ್ಲು, ಮರಳುಗಲ್ಲುಗಳಿಗೆ ಮೇಲಿನ ಲೆಕ್ಕ ಹಚ್ಚಬೇಡಿ. ಅವು ಪದರ ಪದರವಾಗಿ ಬೆಳೆದ ಕಲ್ಲು. ನೆಲಕ್ಕೆ ಹಾಸಲು ತರುವ ಒಂದು, ಒಂದೂವರೆ ಇಂಚಿನ ಚಪ್ಪಡಿಯನ್ನು ಎರಡು ಕಟ್ಟೆಯ ನಡುವೆ ಇಟ್ಟು ಬೆಂಚು ಅನ್ನುವವರಿದ್ದಾರೆ. ಚಪ್ಪಡಿಯ ತಳಕ್ಕೆ ಪೂರ್ತಿ ಕಟ್ಟಡ ಬರುವಂತೆ, ನಮ್ಮ ಮನೆ ಮುಂದಿನ ಕಟ್ಟೆಯ ಹಾಗೆ ಕಟ್ಟಿದರೆ ತೊಂದರೆಯಿಲ್ಲ. ನಿಜ ಹೇಳಬೇಕೆಂದರೆ ಕಟ್ಟೆಯಷ್ಟು ಗಟ್ಟಿ ಬೆಂಚನ್ನು ಯಾವ ಕಂಪನಿಯೂ ಮಾಡುವುದಿಲ್ಲ.

ಹಂತ 4: ಮಗುಚುವುದು

ಬೆಂಚು ಮುರಿಯದೆಯೂ ಬೀಳಿಸುತ್ತದೆ. ಶಾಲೆಯಲ್ಲಿ ಈ ಆಟ ಎಲ್ಲರೂ ಆಡಿದ್ದೇವೆ. ಇಬ್ಬರು ಎರಡು ತುದಿಗೆ ಕೂತಿರುತ್ತಾರೆ, ಒಬ್ಬ ಥಟ್ಟನೆ ಎದ್ದ, ಇನ್ನೊಬ್ಬ ನೆಲಕ್ಕೆ.

ನೆಲಕ್ಕೆ ಬಿಗಿಯದ 40 ಕೆ.ಜಿ. ತೂಕದ, ಒಂದೂವರೆ ಮೀಟರ್ ಉದ್ದದ ಬೆಂಚು ಇದೆ ಅಂದುಕೊಳ್ಳಿ. ಕಾಲುಗಳು ತುದಿಯಿಂದ 30 ಸೆಂ.ಮೀ. ಒಳಗಿವೆ. ಬೆಂಚಿನ ನಡುಮಧ್ಯ ಒಂದು ಕಾಲಿನಿಂದ 45 ಸೆಂ.ಮೀ. ದೂರ. 40ನ್ನು 45ರಿಂದ ಗುಣಿಸಿದರೆ 1,800. ಈಗ 90 ಕೆ.ಜಿ. ಇರುವವರು ಕಾಲಿನಿಂದ 20 ಸೆಂ.ಮೀ. ಹೊರಗೆ ಕೂತರು. 90ನ್ನು 20ರಿಂದ ಗುಣಿಸಿದರೆ ಅದೂ 1,800. ತಕ್ಕಡಿ ಸಮ. ಅವರು ಕೈಚೀಲ ಎತ್ತಿಕೊಂಡರೂ ಸಾಕು, ಬೆಂಚು ಎದ್ದು ನಿಲ್ಲುತ್ತದೆ. ನನ್ನಂಥವರು ಬಿಗಿಯದ ಬೆಂಚಿನಲ್ಲಿ ಕಾಲಿನ ನೇರ ಮೇಲೆ ಅಥವಾ ಅದರ ಒಳಗಡೆ ಕೂರಬೇಕು. ತುದಿಗೆ ಬೇಡವೇ ಬೇಡ.

ಬೆನ್ನಿನ ಪಟ್ಟಿಯ ಮೇಲೆ ಕೂತು ಆಸನದ ಮೇಲೆ ಕಾಲಿಡುವ ಹುಡುಗರು ಬೆಂಚನ್ನು ಹಿಂದಕ್ಕೆ ಮಗುಚಿಸುತ್ತಾರೆ, ವೆಲ್ಡಿಂಗನ್ನೂ ಕೀಳುತ್ತಾರೆ. ಅವರಿಗೆ ಹೇಳಿ ಪ್ರಯೋಜನವಿಲ್ಲ. ಬೆಂಚನ್ನೇ ಬಿಗಿಯಬೇಕು.

ಹಂತ 5: ಎರೆ ನೆಲದಲ್ಲಿ ಬಿಗಿಯುವುದು

ಬೆಂಗಳೂರಿನ ಕೆಂಪು ಮಣ್ಣಿನಲ್ಲಿ ಕಾಲಿಗೊಂದು ಗುಂಡಿ ತೋಡಿ ಕಾಂಕ್ರೀಟ್ ಸುರಿದರೆ ಕೆಲಸ ಮುಗಿಯಿತು. ನಮ್ಮ ಎರೆ ನೆಲದಲ್ಲಿ, ಅಂದರೆ ಕಪ್ಪು ಮಣ್ಣಿನಲ್ಲಿ, ಅಲ್ಲಿಂದ ಕೆಲಸ ಶುರು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ. ಕಟ್ಟಡದ ಪಾಯಕ್ಕೆ ಈ ಆಟ ತಪ್ಪಿಸಲು ಮೂರೂವರೆ ಮೀಟರ್ ಆಳಕ್ಕೆ ಹೋಗುವ ರೂಢಿಯಿದೆ. ಬೆಂಚಿಗೆ ಯಾರು ಅಷ್ಟು ತೋಡುತ್ತಾರೆ?

ಎರಡು ಕಾಲಿಗೆ ಎರಡು ಬೇರೆ ಬೇರೆ ಗುಂಡಿ ಮಾಡಿದರೆ ಒಂದು ಏಳುತ್ತದೆ, ಒಂದು ಇಳಿಯುತ್ತದೆ. ಕಲ್ಲಿನ ಹಲಗೆ ನಡುವೆ ಸಿಕ್ಕಿ ತಿರುಚಿಕೊಳ್ಳುತ್ತದೆ. ಕೂತವರ ತೂಕ ಬೇಕಾಗಿಯೇ ಇಲ್ಲ, ಮಣ್ಣೇ ಅದನ್ನು ಸೀಳುತ್ತದೆ. ಎರಡು ಮಳೆಗಾಲ ಕಂಡ ಬೆಂಚುಗಳು ಒಂದು ಕಡೆ ವಾಲಿರುವುದು ಇದೇ ಕಾರಣಕ್ಕೆ.

ಆದ್ದರಿಂದ ಹೀಗೆ ಮಾಡಿ. ಬೆಂಚಿಗಿಂತ ಸುತ್ತ ಒಂದು ಅಡಿ ಜಾಸ್ತಿ ಬರುವಂತೆ ಎರಡು ಅಡಿ ಆಳ ಎರೆ ಮಣ್ಣನ್ನು ತೆಗೆಯಿರಿ. ಆ ಜಾಗಕ್ಕೆ ಗರಸು, ಅಂದರೆ ಸಣ್ಣ ಕಲ್ಲು ಬೆರೆತ ಮಣ್ಣು ತುಂಬಿ. ಅರ್ಧ ಅಡಿಗೊಮ್ಮೆ ನೀರು ಹೊಡೆದು, ಬಡಿದು ಧಮ್ಮಸ್ ಮಾಡಿ. ಅದರ ಮೇಲೆ ಜಾಳಿಗೆ ಹಾಕಿದ ಆರು ಇಂಚಿನ ಒಂದೇ ಕಾಂಕ್ರೀಟ್ ಹಾಸು. ಎರಡೂ ಕಾಲು ಆ ಒಂದೇ ಹಾಸಿನ ಮೇಲೆ ನಿಲ್ಲಬೇಕು. ನೆಲ ಅಲುಗಿದರೂ ಬೆಂಚು ದೋಣಿಯಂತೆ ಇಡಿಯಾಗಿ ಅಲುಗುತ್ತದೆ, ಮುರಿಯುವುದಿಲ್ಲ. ಕಾಂಕ್ರೀಟ್ ಹಾಸಿನ ಮೇಲ್ಮೈಗೆ ಹೊರಗಡೆ ಸ್ವಲ್ಪ ಇಳಿಜಾರು ಕೊಡಿ, ನೀರು ನಿಲ್ಲಬಾರದು. ಕಬ್ಬಿಣದ ಬೆಂಚಾದರೆ ಪ್ರತಿ ಕಾಲಿನ ತಟ್ಟೆಗೆ 12 ಮಿ.ಮೀ. ಬೋಲ್ಟು, ಎರಡಾದರೂ ಇರಲಿ. ಬೋಲ್ಟಿನ ತಲೆ ಗುಂಡಗಿರಲಿ, ಚೂಪಾಗಿ ಮೇಲೆ ಚಾಚಿದ್ದರೆ ಮಕ್ಕಳ ಪಾದಕ್ಕೆ ಗಾಯ.

ಬೀದಿದೀಪದ ಕಂಬಕ್ಕೆ ಕಬ್ಬಿಣದ ಬೆಂಚು ತಾಗದಂತೆ ದೂರ ಇಡಿ. ಕಂಬಕ್ಕೆ ಕರೆಂಟ್ ಸೋರಿದರೆ ಬೆಂಚಿಗೂ ಬರುತ್ತದೆ.

ಹಂತ 6: ಭಾರ ಹೇರಿ ಪರೀಕ್ಷೆ

ಇದನ್ನು ಸಾರ್ವಜನಿಕ ಬೆಂಚಿನ ಮೇಲೆ ನೀವೇ ಹೋಗಿ ಮಾಡಬೇಡಿ. ನೀವು ಹಾಕಿಸುವ ಬೆಂಚಿಗೆ, ಅಥವಾ ಪಾರ್ಕು ನೋಡಿಕೊಳ್ಳುವವರ ಒಪ್ಪಿಗೆ ಇದ್ದಾಗ ಮಾತ್ರ.

ಐದು ಅಡಿಯ ಬೆಂಚು ಮೂವರದು. ಒಬ್ಬರಿಗೆ 120 ಕೆ.ಜಿ. ಹಿಡಿಯಿರಿ. ಸರಾಸರಿ ತೂಕ ಹಿಡಿಯಬೇಡಿ, ಸರಾಸರಿಯವರು ಬಂದು ಕೂರುವುದಿಲ್ಲ, ನಾವು ಕೂರುತ್ತೇವೆ. ಮೂವರಿಗೆ 360. ಅದರ ಒಂದೂವರೆ ಪಟ್ಟು 540. ಅಂದರೆ 50 ಕೆ.ಜಿ.ಯ ಹನ್ನೊಂದು ಮರಳು ಚೀಲ. ತೂಗಿ ತುಂಬಿಸಿ, ಅಂದಾಜಿನ ಮೇಲೆ ಬೇಡ.

ಆಸನದ ಕೆಳಗೆ ಎರಡು ಇಂಚು ಸಂದು ಬಿಟ್ಟು ಇಟ್ಟಿಗೆ ಪೇರಿಸಿಡಿ. ಮುರಿದರೂ ಬೀಳುವುದು ಎರಡೇ ಇಂಚು. ಕಾಲಿನಿಂದ ಕಾಲಿಗೆ ದಾರ ಕಟ್ಟಿ, ನಡುವೆ ದಾರಕ್ಕೂ ಹಲಗೆಗೂ ಇರುವ ಅಂತರವನ್ನು ಸ್ಕೇಲಿನಿಂದ ಅಳೆದು ಬರೆದುಕೊಳ್ಳಿ. ಚೀಲಗಳನ್ನು ಒಂದೊಂದಾಗಿ, ಎಸೆಯದೆ, ತುದಿಗಳಿಂದ ನಡುವಿಗೆ ಇಡಿ. ಒಂದು ಗಂಟೆ ಬಿಡಿ. ಚೀಲ ಇಳಿಸಿದ ಮೇಲೆ ಮತ್ತೆ ಅಳೆಯಿರಿ. ಮರ, ಕಬ್ಬಿಣ ಜೋತಿದ್ದು ಮೊದಲಿನ ಜಾಗಕ್ಕೆ ಬಂದರೆ ಪಾಸು. ಬಾಗಿಯೇ ಉಳಿದರೆ ಫೇಲು.

ಕಲ್ಲಿಗೆ ಈ ಪರೀಕ್ಷೆ ಅಷ್ಟಾಗಿ ಒಗ್ಗುವುದಿಲ್ಲ. ಕಲ್ಲು ಬಾಗಿ ಎಚ್ಚರಿಸುವುದಿಲ್ಲ, ಸೀದಾ ಎರಡು ತುಂಡು. ಭಾರ ಹೇರಿದಾಗ ಒಳಗೊಂದು ಬಿರುಕು ಬಿದ್ದು, ಅದು ಕಣ್ಣಿಗೆ ಕಾಣದೆ ಪಾಸಾದಂತೆ ತೋರಬಹುದು. ಕಲ್ಲಿಗೆ ದಪ್ಪ, ಅಂತರ, ತಟ್ಟಿದ ಸದ್ದು ಇವೇ ಪರೀಕ್ಷೆ. ಹಲಗೆಗೆ ನೀರು ಹೊಡೆದು ಒಣಗಲು ಬಿಡಿ. ಎಲ್ಲ ಒಣಗಿದರೂ ಒಂದು ಗೆರೆ ಮಾತ್ರ ಒದ್ದೆ ಉಳಿದರೆ ಅದೇ ಬಿರುಕು. ಇದನ್ನು ಹೇಳಿಕೊಟ್ಟಿದ್ದು ಎಂಜಿನಿಯರ್ ಗೆಳೆಯನಲ್ಲ, ಎರಡನೇ ಕಲ್ಲಿನವರು.

ಹಂತ 7: ಭಾರವಲ್ಲದ ಅಪಾಯಗಳು

ಬಿಸಿಲು. ಬೇಸಿಗೆಯಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟುವುದು ಹೊಸದಲ್ಲ. ಬಿಸಿಲಲ್ಲಿಟ್ಟ ಲೋಹ ಗಾಳಿಗಿಂತ ಎಷ್ಟೋ ಜಾಸ್ತಿ ಕಾಯುತ್ತದೆ, 60 ಡಿಗ್ರಿ ದಾಟಿದರೆ ಬರಿ ಚರ್ಮ ಕೆಲವು ಸೆಕೆಂಡಿನಲ್ಲಿ ಸುಡುತ್ತದೆ. ಚಡ್ಡಿ ಹಾಕಿದ ಮಕ್ಕಳಿಗೆ ಇದು ತಮಾಷೆಯಲ್ಲ. ಬೇವಿನ ಮರದ ನೆರಳಲ್ಲಿ ಇಡಿಸಿ, ಆದರೆ ಒಣಗಿದ ಕೊಂಬೆಯ ಕೆಳಗಲ್ಲ.

ಎತ್ತರ ಸುಮಾರು 45 ಸೆಂ.ಮೀ. ಇರಲಿ. ತಗ್ಗಿದ್ದರೆ ಮೊಣಕಾಲು ನೋವಿರುವವರು ಏಳಲಾರರು, ಏಳುವ ಭರದಲ್ಲಿ ಮುಗ್ಗರಿಸುತ್ತಾರೆ. ಕೈ ಊರಲು ಒಂದು ಕಡೆಯಾದರೂ ಹಿಡಿಕೆ ಬೇಕು. ಪಟ್ಟಿಗಳ ನಡುವಿನ ಸಂದು ಮಕ್ಕಳ ಬೆರಳು ಸಿಕ್ಕಿಕೊಳ್ಳದಷ್ಟು ಕಿರಿದಾಗಿರಲಿ.

ಹಂತ 8: ಕೆಟ್ಟದ್ದು ಕಂಡರೆ

ಮೊದಲು ಪಾರ್ಕು ಯಾರದ್ದು ಅಂತ ತಿಳಿದುಕೊಳ್ಳಿ. ಊರಿನ ಅಭಿವೃದ್ಧಿ ಪ್ರಾಧಿಕಾರದ್ದೋ, ನಗರಸಭೆಯದ್ದೋ, ಬೆಳಗಾವಿ, ವಿಜಯಪುರದಂಥ ಊರಾದರೆ ಮಹಾನಗರ ಪಾಲಿಕೆಯದ್ದೋ. ತಪ್ಪು ಕಚೇರಿಗೆ ಕೊಟ್ಟ ಅರ್ಜಿ ಅಲ್ಲೇ ಮಲಗುತ್ತದೆ. ನಾನು ಮೊದಲು ಕೊಟ್ಟದ್ದು ಹಾಗೇ ಮಲಗಿತು.

ಅರ್ಜಿಯಲ್ಲಿ "ಬೆಂಚು ಸರಿಯಿಲ್ಲ" ಅಂತ ಬರೆಯಬೇಡಿ. "ಪೂರ್ವದ ಗೇಟಿನಿಂದ ಮೂರನೇ ಬೆಂಚು, ಎಡಗಾಲಿನ ಬುಡದಲ್ಲಿ ತುಕ್ಕು, ಕೀಲಿ ಒಳಗೆ ಇಳಿಯುತ್ತದೆ" ಅಂತ ಬರೆಯಿರಿ. ಎರಡು ಫೋಟೋ ಹಚ್ಚಿ. ಒಂದು ದೂರದಿಂದ, ಒಂದು ಹತ್ತಿರದಿಂದ, ಹತ್ತಿರದ್ದರಲ್ಲಿ ಅಳತೆ ತಿಳಿಯಲು ಒಂದು ನಾಣ್ಯ ಇಟ್ಟು. ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ರಿಪೇರಿ ಆಗುವವರೆಗೆ ಬೆಂಚಿಗೊಂದು ಕೆಂಪು ಬಟ್ಟೆ ಕಟ್ಟಿ, ಜನ ಅರ್ಥ ಮಾಡಿಕೊಳ್ಳುತ್ತಾರೆ.

ಹೊಸ ಬೆಂಚೇ ವರ್ಷದೊಳಗೆ ಕೆಟ್ಟರೆ ಮಾಹಿತಿ ಹಕ್ಕು ಕಾಯ್ದೆ, 2005 ಇದೆ. ಹತ್ತು ರೂಪಾಯಿ ಶುಲ್ಕ, ಒಂದೇ ವಿಷಯ, 150 ಪದದೊಳಗೆ ಅರ್ಜಿ, ಉತ್ತರಕ್ಕೆ 30 ದಿನ. ಕೇಳಬೇಕಾದದ್ದು ಮೂರೇ: ಅಂದಾಜು ಪಟ್ಟಿಯಲ್ಲಿ ಬರೆದ ಪೈಪಿನ ಅಥವಾ ಕಲ್ಲಿನ ದಪ್ಪ, ಮುಗಿದ ಕೆಲಸವನ್ನು ಅಳೆದು ಬರೆಯುವ ಅಳತೆ ಪುಸ್ತಕದಲ್ಲಿ ದಾಖಲಾದ ದಪ್ಪ, ಗುತ್ತಿಗೆದಾರರ ದೋಷ ಹೊಣೆಗಾರಿಕೆಯ ಅವಧಿ. ಅವಧಿ ಮುಗಿದಿಲ್ಲದಿದ್ದರೆ ರಿಪೇರಿ ಅವರದೇ ಖರ್ಚು.

ಹಂತ 9: ನೆನಪಿಗೊಂದು ಬೆಂಚು ಹಾಕಿಸುವವರಿಗೆ

ತಂದೆ ತಾಯಿಯ ಸ್ಮರಣೆಗೆ ಬೆಂಚು ಕೊಡುವುದು ನಮ್ಮಲ್ಲಿ ರೂಢಿ. ದುಡ್ಡು ಕೊಟ್ಟು ಸುಮ್ನೆ ಕೂರಬೇಡಿ. ಮೊದಲು ಪಾರ್ಕಿನವರಿಂದ ಲಿಖಿತ ಒಪ್ಪಿಗೆ ತೆಗೆದುಕೊಳ್ಳಿ. ಕಲ್ಲಿನವರಿಗೆ ಚೀಟಿಯಲ್ಲಿ ಬರೆದುಕೊಡಿ: ಗ್ರಾನೈಟ್, ದಪ್ಪ ಪೂರ್ತಿ ಮೂರು ಇಂಚು, ಅಗಲ ಒಂದೂವರೆ ಅಡಿ, ಉದ್ದ ಐದು ಅಡಿ, ಕಾಲುಗಳ ನಡುವೆ ಒಂದು ಮೀಟರ್, ಅಂಚು ಗುಂಡಗೆ, ಮೇಲ್ಮೈ ಒರಟು. ಪಾಲಿಶ್ ಬೇಡ. ಮಳೆಯಲ್ಲಿ ಜಾರುತ್ತದೆ.

ಹಲಗೆಯೊಂದೇ 130 ಕೆ.ಜಿ. ದಾಟುತ್ತದೆ. ಅದನ್ನು ಕಾಲಿನ ಮೇಲೆ ಸುಮ್ನೆ ಇಟ್ಟು ಹೋಗಬಾರದು. ಮಕ್ಕಳು ಜಗ್ಗಿದಾಗ ಜಾರಿ ಕಾಲ ಮೇಲೆ ಬಿದ್ದರೆ ಎಲುಬು ಪುಡಿ. ಕಾಲಿನಲ್ಲೂ ಹಲಗೆಯಲ್ಲೂ ತೂತು ಹೊಡೆದು ಸ್ಟೀಲ್ ಸರಳಿನ ಗೂಟ ಕೂರಿಸಿ, ಗಟ್ಟಿ ಅಂಟಿನಿಂದ ತುಂಬಿಸಬೇಕು.

ನಮ್ಮ ಕಲ್ಲಿನವರು ಅಪ್ಪನ ಹೆಸರನ್ನು ಆಸನದ ನಡುವೆಯೇ ಆಳವಾಗಿ ಕೆತ್ತುತ್ತೇನೆ ಅಂದರು. ನಾನು ಬೇಡ ಅಂದೆ. ಕಲ್ಲಿಗೆ ಜಾಸ್ತಿ ಒತ್ತಡ ಬೀಳುವ ಜಾಗ ಅದೇ, ಕೆತ್ತಿದ ತಗ್ಗಿನಲ್ಲಿ ನೀರೂ ನಿಲ್ಲುತ್ತದೆ. "ಹೌದ್ರಿ, ಮತ್ತ ನಿಮ್ಮಪ್ಪಾರ ಹೆಸರಿನ ಮ್ಯಾಲ ಮಂದಿ ಕುಂದ್ರೂದು ಚೊಲೋ ಅಲ್ಲ" ಅಂತ ಅವರು ತಮ್ಮದೇ ಕಾರಣ ಕೊಟ್ಟು ಒಪ್ಪಿದರು. ಹೆಸರು ಈಗ ಬಲಗಾಲಿನ ಹೊರಮೈಯಲ್ಲಿದೆ. ಮೂರನೇ ಸುತ್ತು ಮುಗಿಸಿ ಅಲ್ಲೇ ಕೂರುತ್ತೇನೆ, ತೂಕ ಈಗ 114.